ಓದುಗರ ಪ್ರಶ್ನೆ, ನಮ್ಮ ಉತ್ತರ: ಜಿಯೋಕ್ಯಾಶಿಂಗ್‌ನ ‘ಚಾಲೆಂಜ್’ ಡಬ್ಬಿಗಳು

ಪ್ರಶ್ನೆ: ಮಗಳ ಮನೆಗೆಂದು ಜರ್ಮನಿಗೆ ಹೋಗಿದ್ದಾಗ ಅಳಿಯನ ಜೊತೆ ತಿರುಗಾಡುತ್ತ, ಬೇರೆಯವರು ಅಡಗಿಸಿಟ್ಟ ಡಬ್ಬಿಗಳನ್ನು ಜಿಪಿಎಸ್ ನೆರವಿನಿಂದ ಹುಡುಕುವ ಜಿಯೋಕ್ಯಾಶಿಂಗ್ ಆಟ ಕಲಿತೆ. ಕಾಡಂಚಿನಲ್ಲಿ ಸಿಕ್ಕ ಒಂದು ಡಬ್ಬಿಯ ಚೀಟಿಯಲ್ಲಿ ಹೆಸರು ಬರೆದು, ಜಾಲತಾಣದಲ್ಲಿ ‘ಸಿಕ್ಕಿತು’ ಎಂದು ದಾಖಲಿಸಿದೆ. ಮಾರನೆಯ ದಿನವೇ ಡಬ್ಬಿ ಇಟ್ಟವರು ‘ಇದು ಚಾಲೆಂಜ್, ನಿಮಗಿನ್ನೂ ಅರ್ಹತೆ ಬಂದಿಲ್ಲ’ ಎಂದು ತಿಳಿಸಿ ದಾಖಲೆಯನ್ನು ಅಳಿಸಿಬಿಟ್ಟರು. ಡಬ್ಬಿಯನ್ನು ಕೈಯಲ್ಲಿ ಹಿಡಿದು ಸಹಿ ಹಾಕಿದ ಮೇಲೂ ಹೀಗೆ ಮಾಡಬಹುದೇ?
– ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: ಮಾಡಬಹುದು, ಅವರು ನಿಯಮ ಮೀರಿಲ್ಲ. ಆದರೆ ನಿಮಗಾದ ಬೇಸರವೂ ಸಹಜವಾದದ್ದೇ, ಏಕೆಂದರೆ ಉಳಿದ ಸಾಮಾನ್ಯ ಡಬ್ಬಿಗಳಲ್ಲಿ ಚೀಟಿಗೆ ಸಹಿ ಬಿದ್ದ ಮೇಲೆ ದಾಖಲೆಯನ್ನು ತಡೆಯುವ ಅಧಿಕಾರ ಯಾರಿಗೂ ಇರುವುದಿಲ್ಲ.

ಈ ಹವ್ಯಾಸ ಹುಟ್ಟಿದ್ದು 2000ನೇ ಇಸವಿಯ ಮೇ ತಿಂಗಳಲ್ಲಿ. ಜಿಪಿಎಸ್ ಸಂಕೇತಗಳಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕ ಸರ್ಕಾರ ನಿಲ್ಲಿಸಿದ ಬೆನ್ನಿಗೇ, ಮೇ 3ರಂದು ಡೇವ್ ಉಲ್ಮರ್ ಎಂಬವರು ಆರೆಗಾನ್ ರಾಜ್ಯದಲ್ಲಿ ಒಂದು ಬಕೆಟ್ ಅಡಗಿಸಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿ, ಹುಡುಕಿದವರು ಪುಸ್ತಕದಲ್ಲಿ ಹೆಸರು ಬರೆಯಲಿ ಎಂದರು. ಹುಡುಕುವುದು, ಸಹಿ ಹಾಕುವುದು: ಇಷ್ಟೇ ಆಟದ ತಿರುಳು. ಆದರೆ ಕಾಲಕ್ರಮದಲ್ಲಿ ಡಬ್ಬಿ ಇಡುವವರು ‘ಇಂಥ ಟೋಪಿ ಹಾಕಿಕೊಂಡು ಫೋಟೋ ಕಳಿಸಿ’, ‘ನಾಲ್ಕು ಸಾಲು ಕವಿತೆ ಬರೆಯಿರಿ’ ಎಂಬಂಥ ಷರತ್ತುಗಳನ್ನು ಸೇರಿಸತೊಡಗಿದರು. 2009ರಲ್ಲಿ, ಈ ಡಬ್ಬಿಗಳನ್ನು ಪ್ರಕಟಿಸುವ ಜಾಲತಾಣವಾದ ಜಿಯೋಕ್ಯಾಶಿಂಗ್ ಡಾಟ್ ಕಾಮ್ ಇಂಥವುಗಳನ್ನೆಲ್ಲ ಕಡ್ಡಾಯ ಮಾಡುವಂತಿಲ್ಲವೆಂದು ಕೈಬಿಟ್ಟಿತು. ಒಂದಕ್ಕೆ ಮಾತ್ರ ವಿನಾಯಿತಿ ಉಳಿಯಿತು: ಹುಡುಕುವವರ ಹಿಂದಿನ ಜಿಯೋಕ್ಯಾಶಿಂಗ್ ಸಾಧನೆಯನ್ನೇ ಅರ್ಹತೆಯಾಗಿ ಕೇಳುವ ಡಬ್ಬಿ. ಅದೇ ಚಾಲೆಂಜ್.

ಹೀಗಾಗಿ ಚಾಲೆಂಜಿನಲ್ಲಿ ಎರಡು ಕೆಲಸಗಳಿವೆ, ಮತ್ತು ಅವುಗಳಿಗೆ ಹಿಂದುಮುಂದಿನ ಕಟ್ಟುಪಾಡಿಲ್ಲ. ಡಬ್ಬಿಯನ್ನು ಕಂಡು ಸಹಿ ಹಾಕುವುದು ಒಂದು. ಜಾಲತಾಣದಲ್ಲಿ ಆ ಡಬ್ಬಿಗಿರುವ ಪುಟದಲ್ಲಿ ಹೇಳಿದ ಅರ್ಹತೆ ನಿಮ್ಮ ಖಾತೆಯ ದಾಖಲೆಗಳಿಂದ ಸಿದ್ಧವಾಗುವುದು ಇನ್ನೊಂದು. ಮೊದಲು ಸಹಿ ಹಾಕಿ ಮೂರು ವರ್ಷಗಳ ನಂತರ ಅರ್ಹತೆ ಪಡೆದರೂ ನಡೆಯುತ್ತದೆ. ನೀವು ಜರ್ಮನಿಯಲ್ಲಿ ಹಾಕಿದ ಸಹಿ ವ್ಯರ್ಥವಾಗಿಲ್ಲ, ಅದಕ್ಕಾಗಿ ಮತ್ತೊಮ್ಮೆ ವಿಮಾನ ಹತ್ತಬೇಕಾಗಿಯೂ ಇಲ್ಲ. ಈಗ ಅದೇ ಪುಟದಲ್ಲಿ ‘ಸಿಕ್ಕಿತು’ ಎನ್ನುವ ಬದಲು ‘ಟಿಪ್ಪಣಿ’ ಎಂಬ ಆಯ್ಕೆಯಲ್ಲಿ, ಇಂಥ ದಿನ ಸಹಿ ಹಾಕಿದ್ದೇನೆ, ಅರ್ಹತೆ ಬಾಕಿಯಿದೆ ಎಂದು ಬರೆದಿಡಿ. ಚೀಟಿಯ ಫೋಟೋ ಇದ್ದರೆ ಜೋಪಾನ ಮಾಡಿ. ಡಬ್ಬಿ ಕಳೆದುಹೋಗಿ ಚೀಟಿ ಬದಲಾದರೂ ಅದು ನಿಮ್ಮ ನೆರವಿಗೆ ಬರುತ್ತದೆ.

ಇಷ್ಟು ಗೊಂದಲವಾಗಲು ಒಂದು ಕಾರಣ ನಕಾಶೆಯಲ್ಲೇ ಇದೆ. ಚಾಲೆಂಜಿಗೂ ಒಗಟು ಬಿಡಿಸುವ ಡಬ್ಬಿಗೂ ಒಂದೇ ನೀಲಿ ಪ್ರಶ್ನಾರ್ಥಕ ಚಿಹ್ನೆ. ಆದ್ದರಿಂದ ಶೀರ್ಷಿಕೆಯನ್ನು ಓದಿ: ಚಾಲೆಂಜ್ ಎಂಬ ಇಂಗ್ಲಿಷ್ ಪದ ಅದರಲ್ಲಿ ಇರಲೇಬೇಕೆಂಬ ನಿಯಮವಿದೆ. ಬಳಿಕ ಪುಟದಲ್ಲಿರುವ ‘ಚೆಕರ್’ ಕೊಂಡಿಯನ್ನು ಒತ್ತಿ. ಪ್ರಾಜೆಕ್ಟ್-ಜಿಸಿ ಎಂಬ ತಾಣ ನಿಮ್ಮ ಬಳಕೆದಾರ ಹೆಸರನ್ನು ತೆಗೆದುಕೊಂಡು, ನಿಮ್ಮ ಹಿಂದಿನ ದಾಖಲೆಗಳನ್ನೆಲ್ಲ ಜಾಲಾಡಿ, ಅರ್ಹತೆ ಇದೆಯೋ ಇಲ್ಲವೋ ಹೇಳುತ್ತದೆ. ಮನೆ ಬಿಡುವ ಮುನ್ನ ಮಾಡಬೇಕಾದ ಕೆಲಸ ಇದು.

ಪ್ರಶ್ನೆ: ಚಾಲೆಂಜ್ ಪ್ರಕಟವಾಗುವುದಕ್ಕಿಂತ ಮೊದಲು ಹುಡುಕಿದ ಡಬ್ಬಿಗಳು ಲೆಕ್ಕಕ್ಕೆ ಬರುತ್ತವೆಯೇ?
– ಓದುಗರು, ಹೊನ್ನಾವರ

ಉತ್ತರ: ಬರುತ್ತವೆ. ಹಳೆಯ ದಾಖಲೆಗಳನ್ನು ಹೊರಗಿಡುವ ಷರತ್ತನ್ನು ಯಾರೂ ಹಾಕುವಂತಿಲ್ಲ. ಹಾಗಾಗಿ ಹುಡುಕಿದ ದಿನಾಂಕವನ್ನು ಮೊದಲ ದಿನದಿಂದಲೇ ಸರಿಯಾಗಿ ನಮೂದಿಸುತ್ತ ಬನ್ನಿ. ರವಿವಾರ ಸಿಕ್ಕಿದ್ದನ್ನು ಬುಧವಾರದ ಹೆಸರಿನಲ್ಲಿ ಬರೆದರೆ ಚೆಕರ್‌ಗೆ ಬುಧವಾರವೇ ಕಾಣುತ್ತದೆ.

ಪ್ರಶ್ನೆ: ‘81 ಮನೆಗಳನ್ನು ತುಂಬಿ’ ಎಂಬ ಚಾಲೆಂಜ್ ಬಗ್ಗೆ ಓದಿದೆ. ಅದು ಏನು? ನಮ್ಮ ಕರಾವಳಿಯಲ್ಲಿ ಇದ್ದುಕೊಂಡು ಅದನ್ನು ಮುಗಿಸಲು ಸಾಧ್ಯವೇ?
– ಕಾಲೇಜು ವಿದ್ಯಾರ್ಥಿನಿ, ಕುಮಟಾ

ಉತ್ತರ: ಪ್ರತಿ ಡಬ್ಬಿಗೂ ಎರಡು ಅಂಕಗಳಿರುತ್ತವೆ. ಮೊದಲನೆಯದು ಹುಡುಕಾಟದ ಕಷ್ಟಕ್ಕೆ, ಎರಡನೆಯದು ದಾರಿಯ ಕಷ್ಟಕ್ಕೆ. ಎರಡೂ 1ರಿಂದ 5ರವರೆಗೆ ಅರ್ಧರ್ಧ ಅಂಕದಂತೆ ಏರುವುದರಿಂದ ಒಂಬತ್ತು ಮೆಟ್ಟಿಲುಗಳು, ಒಂಬತ್ತನ್ನು ಒಂಬತ್ತರಿಂದ ಗುಣಿಸಿದರೆ 81 ಜೋಡಿಗಳು, ಅಂದರೆ ಕೋಷ್ಟಕದ 81 ಮನೆಗಳು. ಪ್ರತಿ ಜೋಡಿಗೂ ಕನಿಷ್ಠ ಒಂದು ಡಬ್ಬಿ ಹುಡುಕಿರಬೇಕು ಎಂಬುದು ಷರತ್ತು.

ನಿಮ್ಮ ಊರಿನ ಸುತ್ತಮುತ್ತ ನೋಡಿದರೆ ದಾರಿಯ ಅಂಕ ಬೇಗ ಅರ್ಥವಾಗುತ್ತದೆ. ಗಾಲಿಕುರ್ಚಿಯಲ್ಲೂ ತಲುಪಬಹುದಾದ ಸಮತಟ್ಟು ಜಾಗಕ್ಕೆ 1. ಮಿರ್ಜಾನ್ ಕೋಟೆಯ ಮೆಟ್ಟಿಲು ಏರಿ ಒಳಗೆ ಸುತ್ತಾಡಬೇಕೆಂದರೆ ನನ್ನ ಲೆಕ್ಕದಲ್ಲಿ 2ರ ಆಸುಪಾಸು. ‘ಸೊಕ್ಕಿದ್ದರೆ ಯಾಣ, ರೊಕ್ಕಿದ್ದರೆ ಗೋಕರ್ಣ’ ಎಂದು ಹಿರಿಯರು ಹೇಳುತ್ತಿದ್ದ ಕಾಲದಲ್ಲಿ ಯಾಣಕ್ಕೆ 4 ಕೊಡಬಹುದಿತ್ತೇನೋ. ಹತ್ತಿರದವರೆಗೆ ವಾಹನ ಹೋಗುವ ಈಗ 3ಕ್ಕಿಂತ ಹೆಚ್ಚು ಕೊಡುವುದು ಸರಿಯಲ್ಲ. ಕಾರವಾರದ ಎದುರಿನ ಕೂರ್ಮಗಡ ನಡುಗಡ್ಡೆಗೆ ದೋಣಿಯಿಲ್ಲದೆ ಹೋಗಲಾಗದು. ದೋಣಿ, ಹಗ್ಗದಂಥ ವಿಶೇಷ ಸಲಕರಣೆ ಬೇಕಾದ ಜಾಗಕ್ಕೆ 5. ಅಂಕ ಹಾಕುವಾಗ ಪ್ರಾಮಾಣಿಕತೆ ಮುಖ್ಯ. ಯಾರದೋ ಖಾಲಿ ಮನೆ ತುಂಬಲಿ ಎಂದು ರಸ್ತೆಬದಿಯ ಡಬ್ಬಿಗೆ 4.5 ಬರೆಯುವವರಿದ್ದಾರೆ. ಅದು ಉಪಕಾರವಲ್ಲ, ಅಂಕವನ್ನು ನಂಬಿ ಹೊರಡುವ, ನಡೆಯಲು ಕಷ್ಟವಿರುವ ವ್ಯಕ್ತಿಗೆ ಮಾಡುವ ಅನ್ಯಾಯ.

ಇಲ್ಲೇ ಇದ್ದು ಮುಗಿಸುವುದು ಸಾಧ್ಯವಿಲ್ಲವೆಂದು ನೇರವಾಗಿಯೇ ಹೇಳುತ್ತೇನೆ. ನಮ್ಮ ದೇಶದಲ್ಲೇ ಡಬ್ಬಿಗಳು ವಿರಳ, ನಮ್ಮ ಜಿಲ್ಲೆಯಲ್ಲಂತೂ ಇನ್ನೂ ವಿರಳ. ಆದರೆ ಮನೆಯಲ್ಲಿ ಕುಳಿತು ಮಾಡಬಹುದಾದ ಭಾಗವೊಂದಿದೆ. ಹುಡುಕಾಟಕ್ಕೆ 5, ದಾರಿಗೆ 1 ಎಂಬ ಮೂಲೆಯ ಮನೆ ಬಹಳ ಜನರಿಗೆ ಕೊನೆಯವರೆಗೂ ಖಾಲಿ ಉಳಿಯುತ್ತದೆ, ಮತ್ತು ಅಂಥ ಡಬ್ಬಿಗಳಲ್ಲಿ ಹೆಚ್ಚಿನವು ಒಗಟಿನವು. ಸಂಕೇತಲಿಪಿಯೋ ಗಣಿತದ ಸಮಸ್ಯೆಯೋ ಬಿಡಿಸಿದ ಮೇಲೆ ನಿಜವಾದ ಸ್ಥಾನ ಸಿಗುತ್ತದೆ, ಅದು ಸಾಮಾನ್ಯವಾಗಿ ಪ್ರಕಟಿತ ಬಿಂದುವಿನಿಂದ 3 ಕಿಲೋಮೀಟರಿನೊಳಗೇ ಇರುತ್ತದೆ. ಜೂನ್‌ನಿಂದ ಸಪ್ಟೆಂಬರಿನವರೆಗೆ ಮಳೆ ಹೊರಗೆ ಬಿಡದಿರುವಾಗ, ನೀವು ಮುಂದೆ ಹೋಗಲಿರುವ ಊರಿನ ಒಗಟುಗಳನ್ನು ಬಿಡಿಸಿಟ್ಟುಕೊಳ್ಳಿ. ಇನ್ನೊಂದು ವಿಷಯ ಗಮನದಲ್ಲಿರಲಿ: ಡಬ್ಬಿ ಇಟ್ಟವರು ಮುಂದೆ ಅಂಕ ತಿದ್ದಿದರೆ ನಿಮ್ಮ ಕೋಷ್ಟಕದಲ್ಲಿ ತುಂಬಿದ್ದ ಮನೆಯೂ ಖಾಲಿಯಾಗಬಹುದು. ಹೀಗಾಗಿ ಅಪರೂಪದ ಮನೆಗಳಿಗೆ ಒಂದರ ಬದಲು ಎರಡು ಡಬ್ಬಿಗಳಿದ್ದರೆ ನಿಶ್ಚಿಂತೆ.

ಪ್ರಶ್ನೆ: ಸತತ 30 ದಿನ, ದಿನಕ್ಕೊಂದರಂತೆ ಡಬ್ಬಿ ಹುಡುಕಿದವರಿಗೆಂದು ಕಾರವಾರದಲ್ಲಿ ಒಂದು ಚಾಲೆಂಜ್ ಇಡಬೇಕೆಂದಿದ್ದೇನೆ. ಒಪ್ಪಿಗೆ ಸಿಗುವುದೇ? ಎಲ್ಲಿ ಇಡಬಹುದು?
– ಬ್ಯಾಂಕ್ ನೌಕರರು, ಕಾರವಾರ

ಉತ್ತರ: ಈ ರೂಪದಲ್ಲಿ ಸಿಗುವುದಿಲ್ಲ. ಚಾಲೆಂಜ್ ಅರ್ಜಿಗಳ ಕುರಿತ ತಕರಾರುಗಳು ಮಿತಿಮೀರಿದ್ದರಿಂದ 2015ರ ಏಪ್ರಿಲ್‌ನಲ್ಲಿ ಹೊಸ ಚಾಲೆಂಜ್‌ಗಳನ್ನೇ ತಡೆಹಿಡಿಯಲಾಯಿತು. 2016ರಲ್ಲಿ ಬಿಗಿಯಾದ ನಿಯಮಗಳೊಂದಿಗೆ ಮತ್ತೆ ಅವಕಾಶ ಕೊಟ್ಟರು. ಸತತ ದಿನಗಳ ಓಟ, ಒಂದು ತಿಂಗಳಲ್ಲಿ ಇಷ್ಟು ನೂರು ಎಂಬಂಥ ಕಾಲಮಿತಿಯ ಬೇಡಿಕೆಗಳು ಅಂದಿನಿಂದ ಸ್ವೀಕಾರಾರ್ಹವಲ್ಲ. ಚೆಕರ್ ಕಡ್ಡಾಯವಾದದ್ದೂ ಆಗಲೇ. ವರ್ಷದ 366 ದಿನಾಂಕಗಳಲ್ಲಿ ಪ್ರತಿಯೊಂದಕ್ಕೂ, ಯಾವ ಇಸವಿಯಲ್ಲಾದರೂ ಸರಿ, ಒಂದು ಡಬ್ಬಿ ಸಿಕ್ಕಿರಬೇಕು ಎಂಬುದಕ್ಕೆ ಮಾತ್ರ ಅಡ್ಡಿಯಿಲ್ಲ. ಈ ಭೇದ ನನಗೆ ಸರಿಯೆನಿಸುತ್ತದೆ. ಸತತ ಓಟ ಜ್ವರ ಬಂದ ದಿನವೂ, ಮನೆಯಲ್ಲಿ ಕಾರ್ಯವಿದ್ದ ದಿನವೂ ಮನುಷ್ಯನನ್ನು ಹೊರಗೆಳೆಯುತ್ತದೆ. ದಿನಾಂಕಗಳ ಕೋಷ್ಟಕ ಈ ವರ್ಷ ತಪ್ಪಿದ್ದನ್ನು ಮುಂದಿನ ವರ್ಷಕ್ಕೆ ಬಿಟ್ಟುಕೊಡುತ್ತದೆ.

ಆದರೂ ನಿಮಗಿರುವ ದೊಡ್ಡ ತೊಡಕು ಬೇರೆಯದು. ಅರ್ಹತೆಯಿರುವವರು ಆ ಪ್ರದೇಶದಲ್ಲಿ ಸಾಕಷ್ಟು ಮಂದಿ ಇದ್ದಾರೆಂದು, ಹೊಸ ಡಬ್ಬಿಗಳಿಗೆ ಒಪ್ಪಿಗೆ ಕೊಡುವ ಪರಿಶೀಲಕರಿಗೆ ಮನವರಿಕೆಯಾಗಬೇಕು, ಕಾರವಾರದಲ್ಲಿ ಅದು ಸುಲಭವಲ್ಲ. ನನ್ನ ಸಲಹೆಯೆಂದರೆ ಚಾಲೆಂಜಿನ ಆಸೆಯನ್ನು ಸದ್ಯ ಬದಿಗಿಟ್ಟು, ಹುಡುಕಲು ಸರಳವಾದ ಸಾಮಾನ್ಯ ಡಬ್ಬಿಗಳನ್ನು ಮೊದಲು ಇಡಿ. ಹುಡುಕಲು ಡಬ್ಬಿಗಳೇ ಇಲ್ಲದ ಊರಿನಲ್ಲಿ ಹುಡುಕಿದವರ ಸಾಧನೆಯನ್ನು ಅಳೆಯುವುದಾದರೂ ಹೇಗೆ?

ಜಾಗದ ವಿಷಯದಲ್ಲಿ ಕಾರವಾರದವರು ಬೇರೆಯವರಿಗಿಂತ ಹೆಚ್ಚು ಎಚ್ಚರ ವಹಿಸಬೇಕು. ಐಎನ್‌ಎಸ್ ಕದಂಬ ನೌಕಾನೆಲೆಯ ಮತ್ತು ಕೈಗಾ ಅಣುಸ್ಥಾವರದ ಆಸುಪಾಸನ್ನು ಸಂಪೂರ್ಣ ಬಿಟ್ಟುಬಿಡಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಕ್ಕೆ ಅನುಮತಿಯಿಲ್ಲದೆ ಕಾಲಿಡುವುದೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಘಟ್ಟದ ಮೇಲಿನ ಗೆಳೆಯರು ‘ನಮ್ಮ ಸೊಪ್ಪಿನ ಬೆಟ್ಟದಲ್ಲಿ ಇಡು ಮಾರಾಯ’ ಎಂದರೂ ನೆನಪಿಡಿ: ಅಲ್ಲಿ ಅಡಿಕೆ ತೋಟಿಗರಿಗಿರುವುದು ಸೊಪ್ಪು, ದರಕು ತರುವ ಹಕ್ಕು, ಭೂಮಿ ಅರಣ್ಯದ್ದು. ಸೇತುವೆ, ರೈಲು ನಿಲ್ದಾಣಗಳಲ್ಲಿ ವಾರಸುದಾರರಿಲ್ಲದ ಡಬ್ಬಿ ಕಂಡರೆ ಪೊಲೀಸರು ಬರುತ್ತಾರೆ, ಬರಲೇಬೇಕು. ಪರಿಚಯದವರ ಅಂಗಡಿಯ ಜಗಲಿ, ಒಪ್ಪಿಗೆ ಕೊಟ್ಟ ಗ್ರಂಥಾಲಯದ ಕಾಂಪೌಂಡು, ಸ್ವಂತ ಹಿತ್ತಲ ಬೇಲಿ, ಇವು ಆರಂಭಕ್ಕೆ ಸಾಕು. ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಅಂತರವಿರಬೇಕು, ನೆಲ ಅಗೆದು ಹೂಳುವಂತಿಲ್ಲ.

ಡಬ್ಬಿಯನ್ನು ನಮ್ಮ ಮಳೆಗೆ ತಕ್ಕಂತೆ ಆರಿಸಿ. ಮುಚ್ಚಳ ಒತ್ತಿ ಕೂರಿಸುವ ತಿಂಡಿ ಡಬ್ಬಿ ಜುಲೈ ಕಳೆಯುವಷ್ಟರಲ್ಲಿ ಒಳಗೆ ನೀರು ಹಿಡಿದು, ಚೀಟಿಯ ಸುರುಳಿ ಮುದ್ದೆಯಾಗಿ, ಶಾಯಿಯ ಹೆಸರುಗಳೆಲ್ಲ ನೀಲಿ ಕಲೆಯಾಗಿರುತ್ತವೆ. ಚಾಲೆಂಜ್ ಇಟ್ಟವರಿಗೆ ಇದು ಸಣ್ಣ ಸಂಗತಿಯಲ್ಲ: ಇಂದು ಸಹಿ ಹಾಕಿ ಮೂರು ವರ್ಷಗಳ ನಂತರ ಅರ್ಹತೆ ಪಡೆಯುವವರಿಗೆ ಆ ಚೀಟಿಯೇ ಸಾಕ್ಷಿ. ರಬ್ಬರ್ ಬಳೆಯಿರುವ, ತಿರುಗಿಸಿ ಮುಚ್ಚುವ ಗಟ್ಟಿ ಸೀಸೆ ಬಳಸಿ, ಪೆನ್ನಿನ ಬದಲು ಪೆನ್ಸಿಲ್ ಇಡಿ, ಮಳೆಗಾಲಕ್ಕೆ ಮೊದಲೊಮ್ಮೆ ಮತ್ತು ಮುಗಿದ ಮೇಲೊಮ್ಮೆ ಹೋಗಿ ನೋಡಿ, ತುಂಬಿದ ಚೀಟಿಗಳನ್ನು ಮನೆಗೆ ತಂದು ಒಣಗಿಸಿ ಇಟ್ಟುಕೊಳ್ಳಿ.