ಅಕ್ಕೋರ ಅಂಕಣ: ಅವನು ಸಿದ್ದಿ, ನಾನು ಹವ್ಯಕರ ಹುಡುಗಿ

ಪ್ರಶ್ನೆ: ಅಕ್ಕೋರಿಗೆ ನಮಸ್ಕಾರ. ನಾನು ಯಲ್ಲಾಪುರ ತಾಲೂಕಿನ ಹಳ್ಳಿಯವಳು, ವಯಸ್ಸು 26. ಹುಬ್ಬಳ್ಳಿಯಲ್ಲಿ ಬ್ಯಾಂಕ್ ಕೆಲಸ. ನಾನು ಮೆಚ್ಚಿದ ಹುಡುಗ ಆಫ್ರಿಕ ಮೂಲದ ಸಿದ್ದಿ ಸಮುದಾಯದವನು, ವಸತಿ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕ. ಒಂದೇ ಹೈಸ್ಕೂಲಿನಲ್ಲಿ ಓದಿದೆವು, ಒಂದೇ ಬಸ್ಸಿಗೆ ಕಾದೆವು, ಒಂದೇ ಬಯಲಿನಲ್ಲಿ ಕುಳಿತು ಬೆಳಗಿನವರೆಗೆ ಯಕ್ಷಗಾನ ನೋಡಿದೆವು. ಹವಿಗನ್ನಡವನ್ನು ಅವನು ನನ್ನ ತಮ್ಮನಿಗಿಂತ ಚೆನ್ನಾಗಿ ಆಡುತ್ತಾನೆ. ಅವನ ಅಜ್ಜ ನಮ್ಮ ತೋಟದಲ್ಲಿ ಕೆಲಸಕ್ಕಿದ್ದವರು. ಮನೆಯಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿ ಬೆಳೆದ ನಮ್ಮವರದೇ ಹುಡುಗನನ್ನು ನೋಡಿದ್ದಾರೆ. ‘ಅವರ ಜನಾಂಗವೇ ಬೇರೆ, ಸಂಸ್ಕಾರ ಹೊಂದುವುದಿಲ್ಲ’ ಎಂದು ಆಯಿ ಅಳುತ್ತಾಳೆ. ಅಪ್ಪಯ್ಯ ಮಾತು ಬಿಟ್ಟಿದ್ದಾನೆ. ಒಟ್ಟಿಗೆ ಬೆಳೆದವರ ಸಂಸ್ಕಾರ ಹೊಂದದೆ ಇನ್ನಾರದು ಹೊಂದೀತು?
– ಹೆಸರು ಬೇಡ

ಉತ್ತರ: ತಂಗೀ, ನಿನ್ನ ಆಯಿಯ ವಾದವನ್ನು ಮೊದಲು ಮುಗಿಸಿಬಿಡುತ್ತೇನೆ, ಅದರಲ್ಲಿ ಹುರುಳಿಲ್ಲ. ಹೆಣ್ಣು ಸಿಗದೆ ನಮ್ಮ ಕಡೆಯ ಎಷ್ಟೋ ತೋಟದ ಮನೆಗಳಿಗೆ ಉತ್ತರ ಭಾರತದಿಂದ ಸೊಸೆಯಂದಿರು ಬಂದಿದ್ದಾರೆ. ತಂಬುಳಿಯ ಹೆಸರೇ ಕೇಳದ ಹುಡುಗಿಯರು. ಅತ್ತೆಯಂದಿರು ಹರಕು ಹಿಂದಿ ಕಲಿತರು, ಸೊಸೆಯಂದಿರು ಪತ್ರೊಡೆ ಮಾಡಲು ಕಲಿತರು. ಅಲ್ಲೆಲ್ಲ ಸಂಸ್ಕಾರದ ಪ್ರಶ್ನೆ ಏಳಲಿಲ್ಲ. ನ್ಯೂಜೆರ್ಸಿಯ ಹುಡುಗನೂ ಒಳ್ಳೆಯವನೇ ಇರಬಹುದು, ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವನು ಬೆಳೆದದ್ದು ಅಲ್ಲಿಯ ಶಾಲೆಯಲ್ಲಿ, ಅಲ್ಲಿಯ ಹಿಮದಲ್ಲಿ. ಗೋತ್ರ ಗೊತ್ತಾದ ಮಾತ್ರಕ್ಕೆ ಹುಡುಗ ಗೊತ್ತಾದ ಹಾಗಲ್ಲ.

ಇನ್ನು ನಿನ್ನ ವಾದ. ನಾನೂ ಈ ಜಿಲ್ಲೆಯ ಶಾಲೆಗಳಲ್ಲೇ ಪಾಠ ಹೇಳಿ ನಿವೃತ್ತಳಾದವಳು, ಹಾಗಾಗಿ ಬಿಚ್ಚಿಯೇ ಹೇಳುತ್ತೇನೆ. ನೀವಿಬ್ಬರೂ ಬೆಳೆದದ್ದು ಒಂದೇ ಊರಿನಲ್ಲಿ, ನಿಜ. ಒಂದೇ ಬಗೆಯಾಗಿ ಬೆಳೆದಿರಿ ಎಂದರೆ ನಾನು ಒಪ್ಪುವುದಿಲ್ಲ. ಅಡಿಕೆ ಸುಲಿಯುವ ರಾತ್ರಿಗಳನ್ನು ನೆನಪು ಮಾಡಿಕೊ. ಅಂಗಳದಲ್ಲಿ ಚಪ್ಪರದಡಿ ಸಾಲಾಗಿ ಮೆಟ್ಟುಗತ್ತಿ, ಗೊನೆಯ ರಾಶಿ, ನಡುವೆ ಕತೆ, ನಗು. ಹತ್ತು ಗಂಟೆಗೆ ಚಹ ಬರುತ್ತದೆ. ಮನೆಯವರಿಗೆ, ನೆಂಟರಿಗೆ ಒಳಗಿನ ಸ್ಟೀಲ್ ಲೋಟ. ಆಳುಗಳು ಎದ್ದು ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿಟ್ಟ ತಮ್ಮ ಲೋಟ ತೆಗೆದುಕೊಂಡು ಬಂದು ನೆಲದ ಮೇಲೆ ಇಡುತ್ತಾರೆ, ಮನೆಯವರು ಮೇಲಿನಿಂದ ಎರೆಯುತ್ತಾರೆ. ಕುಡಿದ ಮೇಲೆ ತೊಳೆದು ಮತ್ತೆ ಅಲ್ಲಿಗೇ ಸಿಕ್ಕಿಸಬೇಕು. ಈಗ ಎಷ್ಟೋ ಮನೆಗಳಲ್ಲಿ ಇದು ನಿಂತಿದೆ. ನಿನ್ನ ಹುಡುಗನ ಅಜ್ಜನ ಕಾಲದಲ್ಲಿ ನಿಂತಿರಲಿಲ್ಲ. ಅಜ್ಜನ ಜೊತೆ ಬಂದ ಮೊಮ್ಮಗ ಅದನ್ನು ನೋಡಿಯೇ ಬೆಳೆದಿರುತ್ತಾನೆ. ನೀನೂ ನೋಡಿದ್ದೀಯ. ನೋಡಿದ ಜಾಗ ಬೇರೆ: ನೀನು ಜಗುಲಿಯ ಮೇಲಿದ್ದೆ.

ಅವನ ಹವಿಗನ್ನಡದ ಬಗ್ಗೆ ಹೆಮ್ಮೆಯಿಂದ ಬರೆದಿದ್ದೀಯ. ಅವನಿಗೆ ಅದು ಬರಲೇಬೇಕಿತ್ತು, ತಂಗೀ. ಅನ್ನ ಕೊಡುವ ಮನೆಯ ಮಾತು, ಮಡಿ, ಸೂತಕ, ಯಾವ ಬಾಗಿಲಿನಿಂದ ಬರಬೇಕು, ಯಾವುದನ್ನು ಮುಟ್ಟಬಾರದು, ಇವನ್ನೆಲ್ಲ ಅವನ ಮನೆಯವರು ತಲೆಮಾರುಗಳಿಂದ ಕಲಿತಿದ್ದಾರೆ. ನೀನು ಏನು ಕಲಿತೆ? ಅವನ ತಾಯಿ ಮನೆಯಲ್ಲಿ ಆಡುವ ಕೊಂಕಣಿ ನಿನಗೆ ನಾಲ್ಕು ಮಾತಾದರೂ ಬರುತ್ತದೆಯೇ? ಸಿದ್ದಿನಾಸನಿಗೆ ಅವರು ಪೂಜೆ ಸಲ್ಲಿಸುವುದನ್ನು ಕಂಡಿದ್ದೀಯಾ? ದಮಾಮಿಯ ಕುಣಿತವನ್ನು ಉತ್ಸವದ ವೇದಿಕೆಯ ಮೇಲಲ್ಲದೆ ಅವರ ಅಂಗಳದಲ್ಲಿ ಎಂದಾದರೂ ನೋಡಿದ್ದೀಯಾ? ಹಳಿಯಾಳದ ಕಡೆ ಸಿದ್ದಿಗಳಲ್ಲಿ ಕ್ರೈಸ್ತರೂ ಮುಸ್ಲಿಮರೂ ಇದ್ದಾರೆ, ನಿಮ್ಮ ಯಲ್ಲಾಪುರ, ಅಂಕೋಲೆಯ ಕಡೆ ಹೆಚ್ಚಾಗಿ ಹಿಂದೂಗಳು. ಇದೂ ನಿನಗೆ ಅವನಿಂದಲೇ ತಿಳಿದಿರಬಹುದು, ಶಾಲೆಯಲ್ಲಿ ನಾವು ಹೇಳಿಕೊಡಲಿಲ್ಲ. ಆಫ್ರಿಕದ ಪೂರ್ವ ಕರಾವಳಿಯಿಂದ ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ಎಷ್ಟೋ ಮಂದಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು ಎಂಬ ಎರಡು ಸಾಲೂ ಪಾಠದಲ್ಲಿ ಇರಲಿಲ್ಲ.

ಆದ್ದರಿಂದ ಅವನ ಮನೆಗೆ ಹೋಗು. ಮುಖ ತೋರಿಸಿ ಚಹ ಕುಡಿದು ಬರುವ ಭೇಟಿ ಬೇಡ, ರಾತ್ರಿ ಉಳಿದು ಬಾ. ಅಡುಗೆಮನೆಯಲ್ಲಿ ಕುಳಿತುಕೊ. ಮೀನು, ಏಡಿ ಬೇಯುವ ಒಲೆಯ ಪಕ್ಕ ನಿನಗೆ ಕುಳಿತಿರಲು ಆಗುತ್ತದೆಯೇ ನೋಡಿಕೊ. ತಿನ್ನಬೇಕಾಗಿಲ್ಲ, ಆದರೆ ಮೂಗು ಮುಚ್ಚಿಕೊಳ್ಳುವವಳಾದರೆ ಈಗಲೇ ತಿಳಿಯಲಿ. ಹಳೆಯ ಸೀರೆಯ ತುಂಡುಗಳನ್ನು ಕೂಡಿಸಿ ಅವರು ಹೊಲಿಯುವ ಕವದಿ ಹೊದ್ದು ಮಲಗು. ಅವನ ತಾಯಿ ‘ನಮ್ಮ ಹುಡುಗನಿಗೆ ನೀವು ಬೇಡ’ ಎಂದರೂ ಎನ್ನಬಹುದು. ಒಪ್ಪಿಗೆ ಕೊಡಬೇಕಾದವರು ನಿಮ್ಮ ಮನೆಯವರು ಮಾತ್ರ ಎಂಬಂತೆ ಬರೆದಿದ್ದೀಯ, ಅದನ್ನು ಓದುವಾಗ ನನಗೆ ಕಿರಿಕಿರಿಯಾಯಿತು.

ಬಣ್ಣದ ಮಾತು ಊರಿನಲ್ಲಿ ಅಷ್ಟು ಕಾಡದು, ಅಲ್ಲಿ ಅವನು ಇಂಥವರ ಮಗ. ಹುಬ್ಬಳ್ಳಿಯಲ್ಲಿ, ಬೆಂಗಳೂರಿನಲ್ಲಿ ಅವನನ್ನು ‘ಯಾವ ದೇಶ?’ ಎಂದು ಇಂಗ್ಲಿಷಿನಲ್ಲಿ ಕೇಳುತ್ತಾರೆ. ಅಚ್ಚ ಕನ್ನಡದಲ್ಲಿ ಉತ್ತರಿಸಿದರೆ ಮೊಬೈಲ್ ಎತ್ತಿ ಫೋಟೊ ಹಿಡಿಯುತ್ತಾರೆ. ಬಾಡಿಗೆ ಮನೆ ಕೇಳಲು ಹೋದಾಗ ನಿನ್ನ ಮುಖ ನೋಡಿ ಅರಳಿದ ಯಜಮಾನರ ಮುಖ ಅವನನ್ನು ನೋಡಿ ಬಾಡಬಹುದು. ಮೈಕಟ್ಟು ಕಂಡವರು ಓಟಗಾರನೇ ಎನ್ನುತ್ತಾರೆ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವೂ ಹಾಗೆಯೇ ಎಣಿಸಿ ಸಿದ್ದಿ ಮಕ್ಕಳನ್ನು ತರಬೇತಿಗೆ ಆರಿಸಿಕೊಂಡು ಹೋಗಿತ್ತು, ಕೆಲವು ವರ್ಷಗಳಲ್ಲಿ ಯೋಜನೆಯನ್ನೇ ಕೈಬಿಟ್ಟಿತು. ಇಂಥ ಹೊತ್ತಿನಲ್ಲಿ ನೀನು ಜಗಳಕ್ಕೆ ನಿಲ್ಲಬೇಕೇ, ನಕ್ಕು ಮುಂದೆ ಹೋಗಬೇಕೇ, ಅವನಿಗೆ ಏನು ಬೇಕು ಎಂದು ಕೇಳಿದ್ದೀಯಾ? ಕೇಳು. ಅವನ ಬದಲು ನೀನೇ ತೀರ್ಮಾನಿಸಬೇಡ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಸಿದ್ದಿಗಳು 2003ರಿಂದ ನಮ್ಮ ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡದವರು. 1955ರ ಹಿಂದೂ ವಿವಾಹ ಕಾಯ್ದೆ, ಕೇಂದ್ರ ಸರ್ಕಾರ ಬೇರೆ ಅಧಿಸೂಚನೆ ಹೊರಡಿಸದ ಹೊರತು, ಪರಿಶಿಷ್ಟ ಪಂಗಡದವರಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಕೊಂಡು ಅಷ್ಟಕ್ಕೇ ಬಿಡಬೇಡಿ. 1954ರ ವಿಶೇಷ ವಿವಾಹ ಕಾಯ್ದೆಯಡಿ ವಿವಾಹಾಧಿಕಾರಿಗೆ ನೋಟಿಸ್ ಕೊಡಿ, 30 ದಿನ ಕಾಯಿರಿ, ಮೂವರು ಸಾಕ್ಷಿಗಳನ್ನು ಕರೆದೊಯ್ಯಿರಿ. ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ, ಅಪ್ಪಯ್ಯನಿಗೆ ಅದಕ್ಕೂ ಮೊದಲೇ ನಿನ್ನ ಬಾಯಿಂದ ಗೊತ್ತಾಗಲಿ. ಮದುವೆಯಿಂದ ನಿನ್ನ ಜಾತಿ ಬದಲಾಗುವುದಿಲ್ಲ, ಅವನ ಮೀಸಲಾತಿ ನಿನಗೆ ಬರುವುದಿಲ್ಲ. ಮಕ್ಕಳ ವಿಷಯದಲ್ಲಿ ಸಾಮಾನ್ಯವಾಗಿ ತಂದೆಯ ಜಾತಿ ಹಿಡಿಯುತ್ತಾರೆ. ಆದರೆ 2012ರಲ್ಲಿ ಸುಪ್ರೀಂ ಕೋರ್ಟ್, ಮಗು ಯಾರ ನಡುವೆ, ಹೇಗೆ ಬೆಳೆಯಿತು ಎನ್ನುವುದನ್ನೂ ನೋಡಬೇಕು ಎಂದಿದೆ.

ಅಪ್ಪಯ್ಯನ ಮೌನವನ್ನು ಜನಾಂಗದ ಲೆಕ್ಕಕ್ಕೆ ಬರೆಯಬೇಡ. ನಮ್ಮ ಮದುವೆಯಲ್ಲಿ ಅಳಿಯನ ಕಾಲು ತೊಳೆಯುವವನು ಹೆಣ್ಣಿನ ತಂದೆ. ತನ್ನ ತೋಟದ ಆಳಿನ ಮೊಮ್ಮಗನ ಕಾಲು. ಅವನ ಗಂಟಲಲ್ಲಿ ಸಿಕ್ಕಿಕೊಂಡಿರುವುದು ಅದು, ಹೇಳಲು ನಾಚಿಕೆ. ಈ ಮಾತನ್ನು ನೀನೇ ತೆಗೆ, ಆಯಿ ಇಲ್ಲದ ಹೊತ್ತು ನೋಡಿ. ಬೈದರೆ ಬೈಯಲಿ, ಮಾತಾದರೂ ಶುರುವಾಗುತ್ತದೆ.

ನ್ಯೂಜೆರ್ಸಿಯ ಹುಡುಗನಿಗೆ ಮಾತ್ರ ಈ ವಾರವೇ ವಿಷಯ ತಿಳಿಸಿಬಿಡು. ಪಾಪ, ಅವನು ರಜೆ ಹಾಕಿ ವಿಮಾನದ ಟಿಕೆಟ್ ತೆಗೆಯುವವರೆಗೆ ಕಾಯಿಸಬೇಡ.