ಓದುಗರ ಪ್ರಶ್ನೆ: ಭಾನುವಾರ ಬಾರದ ಹೊಟ್ಟೆನೋವು

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕಿನ ಒಳಗಿನ ಊರು. ಮಗಳು ಆರನೇ ಕ್ಲಾಸು. ಮಳೆಗಾಲದಲ್ಲಿ ಬಸ್ಸು ತಡವಾದಾಗಲೆಲ್ಲ ಮೊದಲ ಪೀರಿಯಡ್ ಮುಗಿಯುವ ತನಕ ಅವಳನ್ನು ಬಾಗಿಲ ಹೊರಗೆ ನಿಲ್ಲಿಸುತ್ತಾರೆ. ತಿಂಗಳಿಂದ ಬೆಳಿಗ್ಗೆ ಎದ್ದರೆ ಹೊಟ್ಟೆನೋವು ಅಂತಾಳೆ. ಸ್ಕ್ಯಾನಿಂಗ್ ಮಾಡಿಸಿದರೂ ಏನೂ ಕಾಣಲಿಲ್ಲ. ಭಾನುವಾರ ಆರಾಮಾಗಿರುತ್ತಾಳೆ. ನಾಟಕ ಮಾಡುತ್ತಿದ್ದಾಳಾ? — ಒಬ್ಬ ತಾಯಿ

ಉತ್ತರ: ನಾಟಕವಲ್ಲ ತಾಯಿ. ಹೆದರಿಕೆ ಮೊದಲು ಮುಟ್ಟುವ ಜಾಗಗಳಲ್ಲಿ ಕರುಳೂ ಒಂದು. ಹೆದರಿದಾಗ ಕರುಳಿನ ಚಲನೆ ಏರುಪೇರಾಗಿ ನಿಜವಾದ ಸಂಕಟವೇ ಆಗುತ್ತದೆ, ಸ್ಕ್ಯಾನಿಂಗಿನಲ್ಲಿ ಮಾತ್ರ ಕಾಣುವುದಿಲ್ಲ. ಭಾನುವಾರ ನೋವಿಲ್ಲ ಎಂಬುದು ಸುಳ್ಳಿಗೆ ಸಾಕ್ಷಿಯಲ್ಲ, ನೋವು ಎಲ್ಲಿಂದ ಬರುತ್ತಿದೆ ಎಂಬುದಕ್ಕೆ ಸಾಕ್ಷಿ. ಆದರೂ ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ತೂಕ ಇಳಿಯುವುದು, ಮಲದಲ್ಲಿ ರಕ್ತ, ಉರಿಮೂತ್ರ, ಇವುಗಳಲ್ಲಿ ಒಂದಿದ್ದರೂ ಮತ್ತೆ ಡಾಕ್ಟರ ಬಳಿ ಹೋಗಲೇಬೇಕು. ಶಾಲೆಯಲ್ಲಿ ಮೂತ್ರಕ್ಕೆ ಬಿಡುತ್ತಾರೋ ಇಲ್ಲವೋ ಅದನ್ನೂ ಕೇಳಿ. ಪೀರಿಯಡ್ ನಡುವೆ ಎದ್ದು ಕೇಳಿದರೆ ಬೈಸಿಕೊಳ್ಳಬೇಕೆಂದು ಸಂಜೆಯ ತನಕ ತಡೆದುಕೊಳ್ಳುವ ಹೆಣ್ಣುಮಕ್ಕಳು ಬಹಳ. ನೀರೇ ಕುಡಿಯದೆ ಮಲಬದ್ಧತೆ, ಮೂತ್ರದ ಸೋಂಕು ಎರಡೂ ಬರುತ್ತವೆ.

ಹೊರಗೆ ನಿಂತ ಮಗುವಿಗೆ ನೋಯುವುದು ಕಾಲಲ್ಲ. ಓಡಾಡುವವರೆಲ್ಲ ನೋಡುತ್ತಾರಲ್ಲ, ಅದು. ಮೇಲಾಗಿ ಬಸ್ಸನ್ನು ಬೇಗ ತರುವುದು ಅವಳ ಕೈಲಿಲ್ಲ. ತನ್ನ ಕೈಲಿಲ್ಲದ್ದಕ್ಕೆ ಪದೇಪದೇ ಶಿಕ್ಷೆಯಾದರೆ ಮಗು ಸಮಯಪಾಲನೆ ಕಲಿಯುವುದಿಲ್ಲ, 'ನಾನು ಏನು ಮಾಡಿದರೂ ಅಷ್ಟೆ' ಎಂಬುದನ್ನು ಕಲಿಯುತ್ತದೆ. ಆಲೂರು, ಸಕಲೇಶಪುರದ ಕಡೆ ಆನೆ ರಸ್ತೆಗಿಳಿದರೆ ದೊಡ್ಡವರೂ ಆಫೀಸಿಗೆ ತಡವಾಗಿ ಹೋಗುತ್ತಾರೆ. ಅವರನ್ನು ಯಾರೂ ಬಾಗಿಲಲ್ಲಿ ನಿಲ್ಲಿಸುವುದಿಲ್ಲ.

ಹತ್ತು ದಿನ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ನೋವು ಎಷ್ಟು ಹೊತ್ತಿಗೆ ಶುರು, ಅಂದು ಮೊದಲ ಪೀರಿಯಡ್ ಯಾರದು, ಹಿಂದಿನ ದಿನ ಏನಾಯಿತು, ಯಾವಾಗ ಕಡಿಮೆಯಾಯಿತು. ಎದುರಿಗೆ ಕೂರಿಸಿಕೊಂಡು 'ಯಾರು ಏನಂದ್ರು ಹೇಳು' ಅಂತ ಪಟ್ಟು ಹಿಡಿದರೆ ಬಾಯಿ ಮುಚ್ಚುತ್ತಾಳೆ. ಸೊಪ್ಪು ಬಿಡಿಸುವಾಗ 'ಇವತ್ತು ಹೊರಗೆ ಯಾರು ನಿಂತಿದ್ರು?' ಅನ್ನಿ. ಮಕ್ಕಳು ಬೇರೆಯವರ ಕಥೆ ಮೊದಲು ಹೇಳುತ್ತಾರೆ, ತಮ್ಮದು ಆಮೇಲೆ.

ಪಾಪ ಅಂತ ಮನೆಯಲ್ಲೇ ಉಳಿಸಿಕೊಳ್ಳಬೇಡಿ. ಉಳಿದ ತಕ್ಷಣ ಹೊಟ್ಟೆ ಹಗುರಾಗುತ್ತದೆ. ಆ ಹಗುರವೇ 'ಮನೆಯೇ ಮದ್ದು' ಎಂದು ಪಾಠ ಹೇಳಿಕೊಟ್ಟು ಮುಂದಿನ ಸೋಮವಾರ ಇನ್ನೂ ಕಷ್ಟವಾಗುತ್ತದೆ. ಈಗಾಗಲೇ ವಾರಗಟ್ಟಲೆ ತಪ್ಪಿಸಿದ್ದರೆ ಮೊದಲ ಮೂರು ದಿನ ಅವಳಿಗೆ ಇಷ್ಟದ ಟೀಚರ್ ಜೊತೆ ಒಂದು ಗಂಟೆ, ಆಮೇಲೆ ಮಧ್ಯಾಹ್ನದ ಊಟದ ತನಕ, ಆಮೇಲೆ ಪೂರ್ತಿ ದಿನ. ಎರಡು ವಾರ ಹಿಡಿಯಬಹುದು. ಒಂದು ಮೆಟ್ಟಿಲಲ್ಲಿ ಎಡವಿದರೆ ಅದರ ಹಿಂದಿನದಕ್ಕೆ ಇಳಿಯಿರಿ, ಮೊದಲಿಗೇ ಹೋಗಬೇಡಿ. ಆದರೆ ಬಾಗಿಲ ಹೊರಗಿನ ಶಿಕ್ಷೆ ನಿಲ್ಲುವುದಕ್ಕೆ ಮುಂಚೆ ಇದನ್ನು ಶುರುಮಾಡಿದರೆ ನಿಮ್ಮ ಮಾತಿನ ಮೇಲೂ ಅವಳ ನಂಬಿಕೆ ಹೋಗುತ್ತದೆ.

ಕ್ಲಾಸ್ ಟೀಚರನ್ನು ಬೆಳಿಗ್ಗೆ ಗೇಟಿನಲ್ಲಿ ತಡೆದು ಮಾತಾಡಬೇಡಿ, ಸಂಜೆ ಸಮಯ ಕೇಳಿ ಹೋಗಿ. 'ಯಾಕೆ ನಿಲ್ಲಿಸಿದ್ರಿ' ಎಂದು ಶುರುಮಾಡಿದರೆ ಮಾತು ಅಲ್ಲಿಗೇ ಕೆಟ್ಟಿತು. 'ಬಸ್ಸು ಇಷ್ಟು ಹೊತ್ತಿಗೆ ಬರುತ್ತೆ. ಮಳೆಗಾಲ ಮುಗಿಯುವ ತನಕ ನೇರವಾಗಿ ಒಳಗೆ ಬಿಡಿ. ತಪ್ಪಿದ ಪಾಠವನ್ನು ಊಟದ ಬಿಡುವಿನಲ್ಲಿ ಬರೆದುಕೊಳ್ಳುತ್ತಾಳೆ' ಅನ್ನಿ. ಅದೇ ಬಸ್ಸಿನ ಇನ್ನೂ ನಾಲ್ಕು ಮನೆಯವರ ಸಹಿ ಇದ್ದರೆ ಮಾತಿಗೆ ತೂಕ ಬರುತ್ತದೆ. ವಾರದಲ್ಲಿ ಬದಲಾಗದಿದ್ದರೆ ಮುಖ್ಯ ಶಿಕ್ಷಕರಿಗೆ ಬರಹದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ತಾರೀಖಿನ ಮೊಹರು ಹಾಕಿಸಿಕೊಳ್ಳಿ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮುಂದಿಡಿ, ಆಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ).

ಪ್ರಶ್ನೆ: 'ಛಡಿ ಚಂ ಚಂ, ವಿದ್ಯೆ ಘಂ ಘಂ' ಎಂದು ಬೆಳೆದವರು ನಾವು. ಹೊಡೆಸಿಕೊಂಡೇ ಮನುಷ್ಯರಾಗಲಿಲ್ಲವೇ? — ಹಿರಿಯ ಓದುಗರು, ಅರಕಲಗೂಡು

ಉತ್ತರ: ಆದಿರಿ ಸ್ವಾಮಿ, ಒಪ್ಪೋಣ. ಆದರೆ ಜಗಲಿಯಲ್ಲಿ ಕೂತು ಈ ಮಾತು ಹೇಳುವವರು ಉಳಿದುಕೊಂಡವರು. ಮೂರನೇ ಕ್ಲಾಸಿಗೇ ಸ್ಲೇಟು ಬಿಸಾಡಿ ದನದ ಹಿಂದೆ ಹೋದವರನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಕೂಲಿಮಠದ, ಅಂದರೆ ಹಳೆಯ ಹಳ್ಳಿ ಶಾಲೆಗಳ ಕಾಲದಲ್ಲಿ ಹುಡುಗರನ್ನು ಕೋದಂಡಕ್ಕೆ ಏರಿಸುತ್ತಿದ್ದರು, ಅಂದರೆ ಹಗ್ಗಕ್ಕೆ ನೇತುಹಾಕುತ್ತಿದ್ದರು. ಅದನ್ನು ವಾಪಸು ತನ್ನಿ ಎಂದು ನೀವೂ ಹೇಳಲಾರಿರಿ.

ಪ್ರಶ್ನೆ: ಕಡೂರು ತಾಲ್ಲೂಕಿನಲ್ಲಿ ಎಂಟನೇ ತರಗತಿಗೆ ಗಣಿತ ಹೇಳುತ್ತೇನೆ. 52 ಮಕ್ಕಳು. ಕೋಲು ಬಿಟ್ಟಿದ್ದೇನೆ, ಬೈಗುಳ ಬಿಡಲಾಗಿಲ್ಲ. ಬೈದರೆ ಮಾತ್ರ ಸದ್ದಡಗುತ್ತದೆ. ದಾರಿ ಏನು? — ಒಬ್ಬ ಶಿಕ್ಷಕ

ಉತ್ತರ: ಬೈದ ಕೂಡಲೇ ಸದ್ದಡಗುತ್ತದೆ ನೋಡಿ, ಅದು ನಿಮಗೆ ಸಿಗುವ ಬಹುಮಾನ. ಐದು ನಿಮಿಷಕ್ಕೆ ಗದ್ದಲ ಮರಳಿದಾಗ ಇನ್ನೂ ಖಾರವಾಗಿ ಬೈಯಬೇಕಾಗುತ್ತದೆ. ಜೊತೆಗೆ ಇನ್ನೊಂದು ಭ್ರಮೆಯಿದೆ. ತೀರಾ ಕೆಟ್ಟ ದಿನದ ಮರುದಿನ ತರಗತಿ ತಾನಾಗಿಯೇ ಸ್ವಲ್ಪ ನೆಟ್ಟಗಿರುತ್ತದೆ. ಅದರ ಪುಣ್ಯ ಬೈಗುಳಕ್ಕೆ ಹೋಗುತ್ತದೆ. ಗಣಿತದಲ್ಲಂತೂ ನಷ್ಟ ಹೆಚ್ಚು. ಲೆಕ್ಕದ ಮೂರು ಹಂತಗಳನ್ನು ಒಟ್ಟಿಗೆ ಮನಸ್ಸಿನಲ್ಲಿ ಹಿಡಿಯಬೇಕಾದ ಹುಡುಗ 'ಈಗ ನನ್ನ ಹೆಸರು ಕೂಗುತ್ತಾರಾ' ಎಂಬುದನ್ನೂ ಹಿಡಿದು ಕೂತರೆ ಕೂಡುವಾಗ ಕೈಯಲ್ಲಿಟ್ಟುಕೊಂಡ ದಶಕ ಜಾರಿಹೋಗುತ್ತದೆ. ಬೈಸಿಕೊಳ್ಳದ 51 ಮಕ್ಕಳದೂ ಇದೇ ಕಥೆ.

ನೀವು ಒಳಗೆ ಬರುವಷ್ಟರಲ್ಲಿ ಬೋರ್ಡಿನ ಮೇಲೆ ಎರಡು ಸುಲಭ ಲೆಕ್ಕ ಇರಲಿ, ಲೀಡರ್ ಬರೆದಿಡಲಿ. ಮೊದಲ ಐದು ನಿಮಿಷ ಖಾಲಿ ಬಿಟ್ಟರೆ ಪೀರಿಯಡ್ಡೇ ಕೈಬಿಟ್ಟಂತೆ. ದನಿ ಏರಿಸಬೇಡಿ, ತಗ್ಗಿಸಿ. ನಿಮ್ಮ ದನಿ ಏರಿದಷ್ಟೂ ಅವರದೂ ಏರುತ್ತದೆ. ನಿಯಮ ನಾಲ್ಕೇ ಸಾಕು, ಮಕ್ಕಳನ್ನೇ ಕೇಳಿ ಬರೆಯಿರಿ. ತಿದ್ದಬೇಕಾದವನ ಡೆಸ್ಕಿನ ಪಕ್ಕ ಹೋಗಿ, ನೋಟ್‌ಬುಕ್ಕಿನ ಮೇಲೆ ಬೆರಳಿಟ್ಟು ಒಂದು ವಾಕ್ಯ ಹೇಳಿ ಮುಂದೆ ನಡೆದುಬಿಡಿ. ನಿಂತು ಉತ್ತರಕ್ಕೆ ಕಾದರೆ ಅದು ಪಂದ್ಯವಾಗುತ್ತದೆ. ಹದಿಮೂರರ ಹುಡುಗ ಗೆಳೆಯರೆದುರು ಸೋಲಲಾರ.

ತಪ್ಪಿಗೂ ಪರಿಹಾರಕ್ಕೂ ಸಂಬಂಧವಿರಲಿ. ಪುಸ್ತಕ ಹರಿದವನು ಅಂಟಿಸಿಕೊಡಲಿ, ಶಾಯಿ ಚೆಲ್ಲಿದವನು ಒರೆಸಲಿ. ನೂರು ಸಲ ಇಂಪೊಸಿಷನ್ ಬರೆಸಿದರೆ ಹಾಳಾಗುವುದು ಅಕ್ಷರ, ಹುಟ್ಟುವುದು ಬರವಣಿಗೆಯ ಮೇಲಿನ ಹೇವರಿಕೆ. ಒಬ್ಬನ ತಪ್ಪಿಗೆ ಇಡೀ ತರಗತಿಯನ್ನು ನಿಲ್ಲಿಸಿದರೆ, ಬಿಡುವಿನಲ್ಲಿ ಅವನಿಗೆ ಉಳಿದವರು ಕೊಡುವ ಶಿಕ್ಷೆ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಮತ್ತೆ ಮತ್ತೆ ಅದೇ ಮೂವರು ಗಲಾಟೆ ಮಾಡುತ್ತಿದ್ದರೆ ಕಣ್ಣು, ಕಿವಿ, ಬೆಳಗಿನ ತಿಂಡಿ, ನಿದ್ದೆ ವಿಚಾರಿಸಿ. ಎರಡನೇ ತರಗತಿಯ ಪಾಠವೊಂದನ್ನು ಏಕಾಂತದಲ್ಲಿ ಓದಿಸಿ ನೋಡಿ. ಓದಲು ಬಾರದ ಹುಡುಗ ದಡ್ಡ ಅನ್ನಿಸಿಕೊಳ್ಳುವುದಕ್ಕಿಂತ ಪೋಲಿ ಅನ್ನಿಸಿಕೊಳ್ಳುವುದೇ ವಾಸಿ ಎಂದು ಎಂದೋ ತೀರ್ಮಾನಿಸಿರುತ್ತಾನೆ.

ಬಹುತೇಕರು ಸೋಲುವುದು ಎರಡನೇ ವಾರದಲ್ಲಿ. ಬೈಗುಳ ನಿಂತಾಗ ಮಕ್ಕಳು ನಿಮ್ಮನ್ನು ಪರೀಕ್ಷಿಸುತ್ತಾರೆ, ಗದ್ದಲ ಮೊದಲಿಗಿಂತ ಹೆಚ್ಚುತ್ತದೆ. ಆಗ ಕೈಬಿಟ್ಟರೆ ಇನ್ನಷ್ಟು ದಿನ ಗದ್ದಲ ಮಾಡಿದರೆ ಮೇಷ್ಟ್ರು ಸೋಲುತ್ತಾರೆಂದು ಅವರು ಕಲಿತಿರುತ್ತಾರೆ. ಯಾರಿಗಾದರೂ ಜಾತಿ, ಮೈಬಣ್ಣ, ಅಪ್ಪನ ಕೆಲಸ ಎತ್ತಿ ಅಂದಿದ್ದರೆ, ಎಲ್ಲರೆದುರು ಅಂದದ್ದನ್ನು ಎಲ್ಲರೆದುರೇ ಹಿಂತೆಗೆದುಕೊಳ್ಳಿ. ಒಂದೇ ವಾಕ್ಯ, 'ಆದರೆ' ಸೇರಿಸದೆ.

ಪ್ರಶ್ನೆ: ಒಂಬತ್ತನೇ ತರಗತಿಯ ಮಗನಿಂದ 200 ಬಸ್ಕಿ ಹೊಡೆಸಿದ್ದಾರೆ. ಮೆಟ್ಟಿಲು ಇಳಿಯಲಾರ. ದೂರು ಕೊಟ್ಟರೆ ಟಿಸಿ ಕೊಡುತ್ತೇವೆ ಅಂತಾರೆ. — ತಂದೆ, ಹೊಳೆನರಸೀಪುರ

ಉತ್ತರ: ಮೊದಲು ಮೂತ್ರದ ಬಣ್ಣ ನೋಡಿ. ಕಪ್ಪು ಕಾಫಿಯಂತಿದ್ದರೆ ಅಥವಾ ಮೂತ್ರವೇ ಕಡಿಮೆಯಾದರೆ ಇವತ್ತೇ ಆಸ್ಪತ್ರೆಗೆ ಹೋಗಿ. ಅಭ್ಯಾಸವಿಲ್ಲದ ದೇಹಕ್ಕೆ ಅತಿಯಾದರೆ ಸ್ನಾಯು ಒಡೆದು ಅದರ ಅಂಶ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಚೀಟಿ ಜೋಪಾನ, ಮುಂದೆ ಅದೇ ಸಾಕ್ಷಿ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. 16ನೇ ಕಲಂ ಪ್ರಕಾರ ಶಾಲೆಯಿಂದ ಹೊರಹಾಕುವಂತಿಲ್ಲ. ಆದರೆ ಆ ಕಾಯ್ದೆಯ ರಕ್ಷಣೆ ಎಂಟನೇ ತರಗತಿಯ ತನಕ. ನಿಮ್ಮ ಮಗನಿಗೆ ಒದಗುವುದು 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ: ಮಗುವಿನ ಹೊಣೆ ಹೊತ್ತವರು ಅನಗತ್ಯವಾಗಿ ದೈಹಿಕ, ಮಾನಸಿಕ ಯಾತನೆ ಕೊಟ್ಟರೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಇದು 18 ತುಂಬದ ಎಲ್ಲರಿಗೂ ಅನ್ವಯ. ದೂರಿನಲ್ಲಿ ವಿಶೇಷಣ ಬೇಡ. ತಾರೀಖು, ಪೀರಿಯಡ್, ಆಡಿದ ಮಾತು ಹಾಗೆಯೇ, ಕಂಡವರು ಯಾರು, ವೈದ್ಯರ ಚೀಟಿ, ಟಿಸಿಯ ಬೆದರಿಕೆ, ಇಷ್ಟಿರಲಿ. ಬಿಇಒಗೆ ಒಂದು ಪ್ರತಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಒಂದು. ಅವಸರವಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ಹುಡುಗ ಕುಂಟುವ ವಿಡಿಯೋವನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಅವನಿಗದು ಎರಡನೇ ಅವಮಾನ.

ಪ್ರಶ್ನೆ: ಹತ್ತನೇ ತರಗತಿಯ ತಮ್ಮನ ಅಂಕಗಳನ್ನು ಪ್ರಾರ್ಥನೆಯ ವೇಳೆ ಎಲ್ಲರೆದುರು ಓದಿದರು. ಅಂದಿನಿಂದ 'ನಾನಿದ್ದೇನು ಪ್ರಯೋಜನ' ಅಂತಾನೆ. — ಅಕ್ಕ, ಹಾಸನ

ಉತ್ತರ: ಅಂಕಗಳ ಮಾತು ಆಮೇಲೆ. ಇವತ್ತೇ ಪಕ್ಕದಲ್ಲಿ ಕೂತು 'ಸಾಯಬೇಕು ಅನ್ನಿಸ್ತಿದೆಯಾ?' ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು. ಎಷ್ಟೋ ಮಕ್ಕಳು ಯಾರಾದರೂ ಕೇಳಲಿ ಎಂದೇ ಕಾಯುತ್ತಿರುತ್ತಾರೆ. ಹೌದು ಅಂದರೆ ಒಬ್ಬನನ್ನೇ ಬಿಡಬೇಡಿ. ಕಾಫಿಗೆ, ಶುಂಠಿಗೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಇವತ್ತೇ ಬೇರೆಯವರ ಸ್ಟೋರಿಗೆ ಸಾಗಿಸಿ, ಕೀ ಅವರ ಹತ್ತಿರವೇ ಇರಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ನಾಳೆಯೇ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯರಿಗೆ ತೋರಿಸಿ.

2019ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಮೊದಲು ಬಂದ ಜಿಲ್ಲೆ ನಮ್ಮದು. ಸ್ಥಾನ ಇಳಿದರೆ ಮೇಲಿನವರು ಮುಖ್ಯ ಶಿಕ್ಷಕರನ್ನು ಕೇಳುತ್ತಾರೆ, ಅವರು ಶಿಕ್ಷಕರನ್ನು. ಕೊನೆಗೆ ಆ ಭಾರವೆಲ್ಲ ಇಳಿಯುವುದು ಸಾಲಿನಲ್ಲಿ ನಿಂತ ಹುಡುಗನ ತಲೆಯ ಮೇಲೆ. ಅಂಕವನ್ನು ಮಡಚಿದ ಚೀಟಿಯಲ್ಲಿ ಅವರವರ ಕೈಗೆ ಕೊಡಿ ಎಂದು ಶಾಲೆಗೆ ಬರೆದುಕೊಡಿ. ಅವನನ್ನು ಮಾತ್ರ ಪಟ್ಟಿಯಿಂದ ಬಿಡಿ ಎಂದು ಕೇಳಬೇಡಿ. ಬಿಟ್ಟುಹೋದ ಹೆಸರು ಯಾರದೆಂದು ಇಡೀ ಸಾಲಿಗೆ ಗೊತ್ತಾಗುತ್ತದೆ.