ಶರತ್ಕಾಲದ ಕಾಡು ಟರ್ಕಿ ಕೋಳಿ ಬೇಟೆಯಲ್ಲಿ ನಾಯಿಯ ಕೆಲಸವೇನು?

ಹಿಂಡನ್ನು ಚದುರಿಸುವುದು. ಬೇರೆಯಾದ ಹಕ್ಕಿಗಳು ಮತ್ತೆ ಒಂದುಗೂಡಲು ನೋಡುವಾಗ ಬೇಟೆಗಾರ ಅವುಗಳ ದನಿಯಲ್ಲೇ ಕೂಗಿ ಹತ್ತಿರ ಕರೆಯುತ್ತಾನೆ. ಅಮೆರಿಕದ ವರ್ಜೀನಿಯಾದಲ್ಲಿ ಇದು ಹಳೆಯ ಪದ್ಧತಿ. ನಾಯಿ ವಾಸನೆ ಹಿಡಿದು ಓಡಿ, ಹಿಂಡಿನ ನಡುವೆ ನುಗ್ಗಿ ಬೊಗಳುತ್ತದೆ. ಹಕ್ಕಿಗಳು ದಿಕ್ಕಿಗೊಂದರಂತೆ ಹಾರಬೇಕು. ಎಲ್ಲವೂ ಒಂದೇ ಕಡೆ ಹಾರಿದರೆ ಅಲ್ಲೇ ಮತ್ತೆ ಗುಂಪಾಗುತ್ತವೆ, ಎಷ್ಟು ಕೂಗಿದರೂ ಬರುವುದಿಲ್ಲ. ಇನ್ನೊಮ್ಮೆ ಚದುರಿಸುವುದೇ ವಾಸಿ.

ಚದುರಿದ ಜಾಗದಲ್ಲೇ ನಿಮ್ಮ ಭುಜಕ್ಕಿಂತ ಅಗಲವಾದ ಮರಕ್ಕೆ ಒರಗಿ ಕೂರಿ. ನಾಯಿಯನ್ನು ಪಕ್ಕದಲ್ಲಿ ಮಲಗಿಸಿ ಎಲೆಬಣ್ಣದ ಬಟ್ಟೆ ಹೊದಿಸಿ. ಬಾಲ ಅಲ್ಲಾಡಿದರೂ ಟರ್ಕಿಯ ಕಣ್ಣಿಗೆ ಬೀಳುತ್ತದೆ, ಕೆಲಸ ಕೆಟ್ಟಂತೆಯೇ. ಸುಮಾರು 20 ನಿಮಿಷ ಸುಮ್ಮನಿರಿ. ತಾಯಿಯನ್ನು ಹುಡುಕುವ ಎಳೆಯ ಹಕ್ಕಿಗಳ ‘ಕೀ-ಕೀ’ ಸಿಳ್ಳೆ ಕೇಳಿದೊಡನೆ ಅದೇ ದನಿಯಲ್ಲಿ ಉತ್ತರಿಸಿ. 30 ಗಜದೊಳಗೆ ಬಂದರೆ ತಲೆ, ಕುತ್ತಿಗೆಗೆ ಗುರಿಯಿಡಿ. ನಾಯಿ ಬಳಸಲು ಎಲ್ಲ ರಾಜ್ಯಗಳೂ ಬಿಡುವುದಿಲ್ಲ. ನಿಯಮ ಮೊದಲೇ ನೋಡಿಕೊಳ್ಳಿ.